ಕಮಾಡಿಟಿ ವಹಿವಾಟು: ಬೆಲೆಗಿಂತ ಮೊದಲು ಒಪ್ಪಂದವನ್ನು ಓದಿ

"ಕಚ್ಚಾ ತೈಲ 70 ಡಾಲರ್‌ಗೆ ಏರಿಕೆ" ಎಂಬ ಸುದ್ದಿ ಕಣ್ಣಿಗೆ ಬಿದ್ದರೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು. ಯಾವ ತೈಲ? ಎಲ್ಲಿ ಕೈಗೆ ಸಿಗುವ ತೈಲ? ಯಾವ ತಿಂಗಳಲ್ಲಿ? ಎಷ್ಟು ಪ್ರಮಾಣಕ್ಕೆ ಆ ಬೆಲೆ? ಇವಕ್ಕೆ ಉತ್ತರ ಗೊತ್ತಿಲ್ಲದಿದ್ದರೆ 70 ಎಂಬುದು ಬರೀ ಅಂಕಿ. ಕಮಾಡಿಟಿ ಮಾರುಕಟ್ಟೆಗೆ ಹೊಸದಾಗಿ ಬರುವವರು ಬೆಲೆ ಏರುತ್ತದೋ ಇಳಿಯುತ್ತದೋ ಎಂಬಲ್ಲಿಂದಲೇ ಶುರು ಮಾಡುತ್ತಾರೆ. ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಏರಿಕೆಯನ್ನು ಸರಿಯಾಗಿ ಊಹಿಸಿಯೂ ದುಡ್ಡು ಕಳೆದುಕೊಳ್ಳುವ ದಾರಿಗಳು ಇಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಒಪ್ಪಂದದ ಷರತ್ತುಗಳಲ್ಲೇ ಕಾಣಸಿಗುತ್ತವೆ, ಓದುವವರು ಕಡಿಮೆ ಅಷ್ಟೆ.

ಹೆಜ್ಜೆ 1: ಸರಕಿನ ಸ್ವಭಾವ ತಿಳಿಯಿರಿ

ಒಂದು ಟನ್ ಶುದ್ಧ ತಾಮ್ರ ಯಾವ ಗಣಿಯಿಂದ ಬಂತು ಎಂದು ಕೊಳ್ಳುವವನು ತಲೆ ಕೆಡಿಸಿಕೊಳ್ಳುವುದಿಲ್ಲ. ಗುಣಮಟ್ಟ ಹೇಳಿದಂತಿದ್ದರೆ ಒಂದರ ಬದಲು ಇನ್ನೊಂದು ನಡೆಯುತ್ತದೆ. ಹೀಗೆ ಅದಲುಬದಲಾಗಬಲ್ಲ ಕಚ್ಚಾ ಪದಾರ್ಥವೇ ಕಮಾಡಿಟಿ. ವಜ್ರ ದುಬಾರಿ ನಿಜ, ಆದರೆ ಒಂದು ವಜ್ರದಂತೆ ಇನ್ನೊಂದಿಲ್ಲ. ಬಣ್ಣ, ತೂಕ, ಹರಳಿನ ಕಟಾವು ಎಲ್ಲವೂ ಬೇರೆ. ಮುಂದೊಂದು ದಿನ ಕೊಡುವ ಸರಕಿಗೆ ಇಂದೇ ಬೆಲೆ ಕಟ್ಟುವ, ಚಿನ್ನಕ್ಕಿರುವಂಥ ಫ್ಯೂಚರ್ಸ್ ಮಾರುಕಟ್ಟೆ ವಜ್ರಕ್ಕೆ ಬೆಳೆಯದಿರಲು ಇದೇ ಕಾರಣ.

ಪುಸ್ತಕಗಳು ಸರಕುಗಳನ್ನು ಇಂಧನ, ಲೋಹ, ಕೃಷಿ, ಜಾನುವಾರು ಎಂದು ವಿಂಗಡಿಸುತ್ತವೆ. ವಹಿವಾಟಿಗೆ ಅದಕ್ಕಿಂತ ಉಪಯೋಗಕ್ಕೆ ಬರುವ ಪ್ರಶ್ನೆ ಬೇರೆಯಿದೆ: ಇದನ್ನು ಎಷ್ಟು ಕಾಲ ಕೂಡಿಡಬಹುದು, ಅದಕ್ಕೆ ಎಷ್ಟು ಖರ್ಚು? ಚಿನ್ನ ಶತಮಾನ ಕಳೆದರೂ ಕೆಡುವುದಿಲ್ಲ, ಸಣ್ಣ ಕೋಣೆಯಲ್ಲಿ ಕೋಟಿಗಟ್ಟಲೆ ಮೌಲ್ಯದ್ದನ್ನು ಇಡಬಹುದು. ಗೋಧಿ, ಜೋಳ ವರ್ಷಕ್ಕೊಮ್ಮೆ ಕಣಕ್ಕೆ ಬಂದು ಮುಂದಿನ ಕೊಯ್ಲಿನವರೆಗೆ ಕರಗುತ್ತಾ ಹೋಗುತ್ತವೆ. ಕಚ್ಚಾ ತೈಲಕ್ಕೆ ಟ್ಯಾಂಕ್ ಬೇಕು. ನೈಸರ್ಗಿಕ ಅನಿಲಕ್ಕೆ ಭೂಗರ್ಭದ ಸಂಗ್ರಹಾಗಾರವೋ ಅತಿಶೀತಲ ಟ್ಯಾಂಕೋ ಬೇಕು. ವಿದ್ಯುತ್ತನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಡುವುದು ಇಂದಿಗೂ ಕಷ್ಟ. ಸಂಗ್ರಹ ಕಷ್ಟವಾದಷ್ಟೂ ಬೆಲೆಯ ಕುಣಿತ ಹೆಚ್ಚು. ಈ ಒಂದು ಸೂತ್ರ ಹಿಡಿದುಕೊಂಡರೆ ಯಾವ ಸರಕಿಗೆ ಕೈ ಹಾಕಬೇಕು, ಯಾವುದನ್ನು ದೂರದಿಂದ ನೋಡಬೇಕು ಎಂಬುದು ಅರ್ಧ ತೀರ್ಮಾನವಾದಂತೆ.

ಇಲ್ಲೊಂದು ಸ್ವಾರಸ್ಯದ ಸಂಗತಿ. ಅಮೆರಿಕದಲ್ಲಿ ಈರುಳ್ಳಿ ಫ್ಯೂಚರ್ಸ್ 1958ರಿಂದ ಕಾನೂನಿನ ಪ್ರಕಾರವೇ ನಿಷಿದ್ಧ. 1955ರಲ್ಲಿ ವಿನ್ಸೆಂಟ್ ಕೊಸುಗಾ, ಸ್ಯಾಮ್ ಸೀಗಲ್ ಎಂಬ ಇಬ್ಬರು ಷಿಕಾಗೋದಲ್ಲಿ ಲಭ್ಯವಿದ್ದ ಈರುಳ್ಳಿಯ ಬಹುಪಾಲನ್ನು ಕೈವಶ ಮಾಡಿಕೊಂಡರು. ಆಮೇಲೆ ಬೆಲೆ ಇಳಿದರೆ ಲಾಭವಾಗುವಂತೆ ಫ್ಯೂಚರ್ಸ್ ಮಾರಿ, ದಾಸ್ತಾನನ್ನೆಲ್ಲ ಮಾರುಕಟ್ಟೆಗೆ ಸುರಿದರು. ಕೊನೆಗೆ ಈರುಳ್ಳಿಗಿಂತ ಅದನ್ನು ತುಂಬಿದ ಚೀಲವೇ ದುಬಾರಿ ಎನ್ನುವಂತಾಯಿತು. ಬೆಳೆಗಾರರ ಸಿಟ್ಟು ಕಾಯ್ದೆಯ ರೂಪ ತಾಳಿತು.

ಹೆಜ್ಜೆ 2: ಒಪ್ಪಂದದ ವಿವರಪಟ್ಟಿ ಓದಿ

ಸರಕನ್ನು ಈಗಲೇ ಕೊಟ್ಟು ಈಗಲೇ ಹಣ ಪಡೆದರೆ ಅದು ಸ್ಪಾಟ್. ಇಂಥ ದಿನ, ಇಂಥ ಬೆಲೆಗೆ ಕೊಡುತ್ತೇನೆ ಎಂದು ಇಬ್ಬರು ತಮ್ಮತಮ್ಮಲ್ಲೇ ಮಾತಾಡಿಕೊಂಡರೆ ಅದು ಫಾರ್ವರ್ಡ್. ಅದೇ ಮಾತಿಗೆ ಪ್ರಮಾಣ, ಗುಣಮಟ್ಟ, ಸ್ಥಳ, ತಿಂಗಳು ಎಲ್ಲವನ್ನೂ ಎಕ್ಸ್‌ಚೇಂಜ್ ಮೊದಲೇ ಗೊತ್ತುಮಾಡಿ, ಬೆಲೆಯೊಂದನ್ನು ಮಾತ್ರ ಚೌಕಾಶಿಗೆ ಬಿಟ್ಟರೆ ಅದು ಫ್ಯೂಚರ್ಸ್. ಜಪಾನಿನ ಒಸಾಕಾದ ದೊಜಿಮಾದಲ್ಲಿ ಅಕ್ಕಿಯ ಇಂಥ ವಹಿವಾಟಿಗೆ 1730ರಲ್ಲೇ ಆಡಳಿತದ ಮಾನ್ಯತೆ ಸಿಕ್ಕಿತ್ತು. 1848ರಲ್ಲಿ ಹುಟ್ಟಿದ ಷಿಕಾಗೋ ಬೋರ್ಡ್ ಆಫ್ ಟ್ರೇಡ್ 1865ರ ಹೊತ್ತಿಗೆ ಧಾನ್ಯಗಳ ಒಪ್ಪಂದಗಳನ್ನು ಏಕರೂಪಗೊಳಿಸಿತು.

ಪ್ರತಿ ಒಪ್ಪಂದಕ್ಕೂ ಎಕ್ಸ್‌ಚೇಂಜ್ ಒಂದು ವಿವರಪಟ್ಟಿ ಪ್ರಕಟಿಸುತ್ತದೆ. ಒಂದೆರಡು ಪುಟದ ಈ ಒಣ ದಾಖಲೆಯಲ್ಲಿ ಹುಡುಕಬೇಕಾದ್ದು ಇವು:

- ಲಾಟ್ ಗಾತ್ರ, ಅಂದರೆ ಒಂದು ಒಪ್ಪಂದದಲ್ಲಿರುವ ಸರಕಿನ ಪ್ರಮಾಣ. ನ್ಯೂಯಾರ್ಕಿನಲ್ಲಿ ವಹಿವಾಟಾಗುವ, ಡಬ್ಲ್ಯುಟಿಐ ಎಂಬ ಅಮೆರಿಕದ ಕಚ್ಚಾ ತೈಲದ ಒಂದು ಒಪ್ಪಂದ ಎಂದರೆ 1,000 ಬ್ಯಾರೆಲ್. ಒಂದು ಬ್ಯಾರೆಲ್ ಸುಮಾರು 159 ಲೀಟರ್. ನ್ಯೂಯಾರ್ಕಿನ ಲೋಹ ಎಕ್ಸ್‌ಚೇಂಜ್ ಕಾಮೆಕ್ಸ್‌ನ ಚಿನ್ನ 100 ಟ್ರಾಯ್ ಔನ್ಸ್, ಅಂದರೆ ಸುಮಾರು 3.11 ಕಿಲೋ. ಷಿಕಾಗೋದ ಮೆಕ್ಕೆಜೋಳ 5,000 ಬುಷೆಲ್, ಸುಮಾರು 127 ಟನ್. ಲಂಡನ್ ಮೆಟಲ್ ಎಕ್ಸ್‌ಚೇಂಜಿನ ತಾಮ್ರ 25 ಟನ್.
- ಟಿಕ್ ಮೌಲ್ಯ. ಬೆಲೆಯ ಕನಿಷ್ಠ ಚಲನೆ ಎಷ್ಟು, ಅದರಿಂದ ನಿಮ್ಮ ಖಾತೆಯಲ್ಲಿ ಎಷ್ಟು ಹಣ ಅಲುಗುತ್ತದೆ? ಡಬ್ಲ್ಯುಟಿಐ ಒಂದು ಸೆಂಟ್ ಅಲುಗಿದರೆ 10 ಡಾಲರ್. ಮೆಕ್ಕೆಜೋಳ ಕಾಲು ಸೆಂಟ್ ಅಲುಗಿದರೆ 12.50 ಡಾಲರ್.
- ಇತ್ಯರ್ಥದ ರೀತಿ. ಡಬ್ಲ್ಯುಟಿಐ ಒಪ್ಪಂದವನ್ನು ಕೊನೆಯವರೆಗೆ ಹಿಡಿದಿಟ್ಟವರು ಓಕ್ಲಹೋಮಾದ ಕುಷಿಂಗ್‌ನಲ್ಲಿ ತೈಲ ತೆಗೆದುಕೊಳ್ಳಲೇಬೇಕು. ಷಿಕಾಗೋದ ಹಂದಿಮಾಂಸದ ಒಪ್ಪಂದ ಮಾತ್ರ ಹಣದಲ್ಲೇ ಮುಗಿಯುತ್ತದೆ, ಯಾರ ಬಾಗಿಲಿಗೂ ಹಂದಿ ಬರುವುದಿಲ್ಲ.
- ಕೊನೆಯ ದಿನ ಮತ್ತು ಮೊದಲ ನೋಟಿಸ್ ದಿನ. ಭೌತಿಕ ಡೆಲಿವರಿ ಇರುವ ಹಲವು ಒಪ್ಪಂದಗಳಲ್ಲಿ, ವಹಿವಾಟು ಮುಗಿಯುವ ಮೊದಲೇ ಮಾರಾಟಗಾರ ಡೆಲಿವರಿ ನೋಟಿಸ್ ಕೊಡಬಹುದು. ಅಂಥ ನೋಟಿಸ್ ಕೊಡಲು ಶುರುವಾಗುವ ದಿನವೇ ಮೊದಲ ನೋಟಿಸ್ ದಿನ, ಕೊಂಡವರು ಅದಕ್ಕೆ ಮುಂಚೆಯೇ ಒಪ್ಪಂದ ಮಾರಿ ಹೊರಬರಬೇಕು. ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಬೇಕಾದ್ದು ಈ ದಿನಕ್ಕೆ.

ಷರತ್ತುಗಳ ಹಿಂದೆ ಸರಕಿನ ಚರಿತ್ರೆ ಇರುತ್ತದೆ. 1877ರಲ್ಲಿ ಶುರುವಾದ ಲಂಡನ್ ಮೆಟಲ್ ಎಕ್ಸ್‌ಚೇಂಜ್ ಇಂದಿಗೂ ಮೂರು ತಿಂಗಳ ಬೆಲೆಯನ್ನೇ ಮುಖ್ಯವಾಗಿ ತೋರಿಸುತ್ತದೆ. ಚಿಲಿಯ ತಾಮ್ರ, ಮಲಯಾದ ತವರ ಹಡಗಿನಲ್ಲಿ ಲಂಡನ್ ಸೇರಲು ಆಗ ಹೆಚ್ಚುಕಡಿಮೆ ಅಷ್ಟು ಕಾಲ ಬೇಕಿತ್ತು.

ಹೆಜ್ಜೆ 3: ಎದುರುಗಡೆ ಯಾರಿದ್ದಾರೆ?

ನೀವು ಕೊಂಡಾಗ ಯಾರೋ ಮಾರಿರುತ್ತಾರೆ. ಆತ ಏಕೆ ಮಾರಿದ ಎಂದು ಯೋಚಿಸುವವರು ಅಪರೂಪ. ಬೆಲೆ ಇಳಿಯುತ್ತದೆ ಎಂಬ ನಂಬಿಕೆ ಅವನಿಗೆ ಇಲ್ಲದೆಯೂ ಇರಬಹುದು. ಕೈಯಲ್ಲಿರುವ ಸರಕಿನ ಬೆಲೆಯನ್ನು ಇಂದೇ ಭದ್ರ ಮಾಡಿಕೊಂಡರೆ ಅವನಿಗೆ ಸಾಕು.

ತಾಮ್ರದ ಕೇಬಲ್ ತಯಾರಿಸುವ ಕಾರ್ಖಾನೆಯೊಂದಕ್ಕೆ ಮೂರು ತಿಂಗಳ ನಂತರ 25 ಟನ್ ತಾಮ್ರ ಬೇಕು ಎಂದುಕೊಳ್ಳಿ. ಕೇಬಲ್ ಎಷ್ಟಕ್ಕೆ ಕೊಡುತ್ತೇವೆ ಎಂದು ಗ್ರಾಹಕರಿಗೆ ಮಾತು ಕೊಟ್ಟಾಗಿದೆ. ಅಂದಿನ ಫ್ಯೂಚರ್ಸ್ ಬೆಲೆ ಟನ್ನಿಗೆ 9,000 ಡಾಲರ್ ಎಂದಿಟ್ಟುಕೊಂಡು, ಒಂದು ಲಾಟ್ ಕೊಳ್ಳುತ್ತಾರೆ. ಬೆಲೆ 9,600ಕ್ಕೆ ಏರಿದರೆ ತಾಮ್ರಕ್ಕೆ 15,000 ಡಾಲರ್ ಹೆಚ್ಚು ತೆರಬೇಕು, ಆದರೆ ಫ್ಯೂಚರ್ಸ್‌ನಲ್ಲಿ ಅಷ್ಟೇ ಲಾಭ ಬಂದಿರುತ್ತದೆ. 8,500ಕ್ಕೆ ಇಳಿದರೆ ಫ್ಯೂಚರ್ಸ್‌ನಲ್ಲಿ 12,500 ನಷ್ಟ, ತಾಮ್ರದಲ್ಲಿ ಅಷ್ಟೇ ಉಳಿತಾಯ. ಏನೇ ಆದರೂ ಅವರ ಖರೀದಿ 9,000ದ ಆಸುಪಾಸಿನಲ್ಲೇ ನಿಲ್ಲುತ್ತದೆ. ಇದು ಹೆಡ್ಜಿಂಗ್. ಫ್ಯೂಚರ್ಸ್‌ನಲ್ಲಿ ನಷ್ಟವಾಯಿತಲ್ಲ ಎಂದು ಲೆಕ್ಕಿಗನನ್ನು ಬೈಯುವ ಯಜಮಾನನಿಗೆ ಹೆಡ್ಜಿಂಗ್ ಅರ್ಥವಾಗಿಲ್ಲ.

"ಆಸುಪಾಸು" ಎಂದದ್ದು ಬೇಕೆಂದೇ. ಕಾರ್ಖಾನೆಯ ಅಂಗಳದಲ್ಲಿ ಸಿಗುವ ತಾಮ್ರದ ಬೆಲೆಯೂ ಎಕ್ಸ್‌ಚೇಂಜಿನ ಬೆಲೆಯೂ ಒಂದೇ ಅಲ್ಲ. ಎರಡರ ನಡುವಿನ ಅಂತರಕ್ಕೆ ಬೇಸಿಸ್ ಎನ್ನುತ್ತಾರೆ. ಸಾಗಣೆ ವೆಚ್ಚ, ಸ್ಥಳೀಯ ಕೊರತೆ, ಗುಣಮಟ್ಟದ ವ್ಯತ್ಯಾಸ ಎಲ್ಲ ಸೇರಿ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ವಿಟೋಲ್, ಟ್ರಾಫಿಗುರಾ, ಗ್ಲೆನ್‌ಕೋರ್, ಕಾರ್ಗಿಲ್‌ನಂಥ ದೊಡ್ಡ ವ್ಯಾಪಾರಿ ಸಂಸ್ಥೆಗಳು ಬೆಲೆಯ ದಿಕ್ಕಿಗಿಂತ ಇಂಥ ಅಂತರಗಳ ಮೇಲೇ ಹೆಚ್ಚಾಗಿ ದುಡಿಯುತ್ತವೆ. ಅಲ್ಲಿಲ್ಲದ್ದನ್ನು ಇಲ್ಲಿಂದ ಅಲ್ಲಿಗೆ, ಇಂದು ಬೇಡದ್ದನ್ನು ಮುಂದಿನ ತಿಂಗಳಿಗೆ ಸಾಗಿಸುವುದೇ ಅವರ ಕಸುಬು.

ಉತ್ಪಾದಕರು, ಬಳಕೆದಾರರು, ವ್ಯಾಪಾರಿ ಸಂಸ್ಥೆಗಳು ಒಂದೆಡೆಯಾದರೆ ಇನ್ನೊಂದೆಡೆ ಸಟ್ಟಾ ವ್ಯಾಪಾರಿಗಳು, ನಿಧಿಗಳು, ನಮ್ಮಂಥವರು. ಅಮೆರಿಕದ ಮಾರುಕಟ್ಟೆಗಳಲ್ಲಿ ಯಾವ ಗುಂಪು ಎಷ್ಟು ಕೊಂಡಿದೆ, ಎಷ್ಟು ಮಾರಿದೆ ಎಂಬ ವರದಿಯನ್ನು ಸಿಎಫ್‌ಟಿಸಿ ಎಂಬ ನಿಯಂತ್ರಕ ಸಂಸ್ಥೆ ವಾರವಾರ ಪ್ರಕಟಿಸುತ್ತದೆ. ಶುಕ್ರವಾರ ಹೊರಬರುವ ಅದರಲ್ಲಿ ಇರುವುದು ಮಂಗಳವಾರದ ಲೆಕ್ಕ. ಉಚಿತವಾಗಿಯೇ ಸಿಗುತ್ತದೆ, ಓದುವ ಅಭ್ಯಾಸ ಮಾಡಿಕೊಳ್ಳಿ.

ಹೆಜ್ಜೆ 4: ಮಾರ್ಜಿನ್ ಲೆಕ್ಕ ಕೈಯಲ್ಲೇ ಹಾಕಿ

ಎಕ್ಸ್‌ಚೇಂಜಿನಲ್ಲಿ ವ್ಯವಹಾರ ಕುದುರಿದ ಕೂಡಲೇ ಕ್ಲಿಯರಿಂಗ್ ಹೌಸ್ ನಡುವೆ ಬಂದು ಕೊಂಡವನಿಗೆ ಮಾರಾಟಗಾರನಾಗಿ, ಮಾರಿದವನಿಗೆ ಖರೀದಿದಾರನಾಗಿ ನಿಲ್ಲುತ್ತದೆ. ಎದುರಿನವನು ಕೈ ಎತ್ತಿದರೆ ಏನು ಗತಿ ಎಂಬ ಚಿಂತೆ ಹೀಗೆ ತಪ್ಪುತ್ತದೆ. ಪ್ರತಿಯಾಗಿ ಅದು ಇಬ್ಬರಿಂದಲೂ ಮಾರ್ಜಿನ್ ಎಂಬ ಠೇವಣಿ ಪಡೆಯುತ್ತದೆ, ಲಾಭನಷ್ಟವನ್ನು ದಿನದಿನವೂ ಚುಕ್ತಾ ಮಾಡಿಸುತ್ತದೆ.

ತೈಲ 70 ಡಾಲರ್ ಇದ್ದಾಗ ಒಂದು ಡಬ್ಲ್ಯುಟಿಐ ಒಪ್ಪಂದದ ಮೌಲ್ಯ 70,000 ಡಾಲರ್. ಆರಂಭಿಕ ಮಾರ್ಜಿನ್ 6,000, ಉಳಿಸಿಕೊಳ್ಳಬೇಕಾದ ಕನಿಷ್ಠ ಮೊತ್ತ 5,400 ಎಂದು ಲೆಕ್ಕಕ್ಕೆ ಹಿಡಿಯೋಣ. ನಿಜವಾದ ದರ ಆಗಾಗ ಬದಲಾಗುತ್ತಿರುತ್ತದೆ. ಕೊಂಡ ಮರುದಿನ ಬೆಲೆ 68ಕ್ಕೆ ಇಳಿದರೆ ಖಾತೆಯಿಂದ 2,000 ಹೋಯಿತು, ಉಳಿದದ್ದು 4,000. ಈಗ ಮತ್ತೆ 6,000ಕ್ಕೆ ತುಂಬಿಸಬೇಕು, ಅಂದರೆ 2,000 ತರಬೇಕು. ತರದಿದ್ದರೆ ಬ್ರೋಕರ್ ನಿಮ್ಮ ಒಪ್ಪಂದವನ್ನು ಮುಗಿಸಿಬಿಡುತ್ತಾನೆ. ಇಳಿದದ್ದು ಶೇ. 3ಕ್ಕಿಂತ ಕಡಿಮೆ, ಕಳೆದುಕೊಂಡದ್ದು ಹಾಕಿದ ಹಣದ ಮೂರನೇ ಒಂದು ಭಾಗ. ಬೆಲೆ 64ಕ್ಕೆ ಬಂದರೆ ಮೂಲ ಠೇವಣಿ ಪೂರ್ತಿ ಖಾಲಿ. ಇನ್ನೂ ಇಳಿದರೆ ನೀವು ಹಾಕಿದ್ದಕ್ಕಿಂತ ಹೆಚ್ಚು ಕೊಡಬೇಕಾಗುತ್ತದೆ. ಕೊಂಡ ಷೇರಿನ ಬೆಲೆ ಸೊನ್ನೆಗೆ ನಿಲ್ಲುತ್ತದೆ, ಫ್ಯೂಚರ್ಸ್ ನಷ್ಟಕ್ಕೆ ಅಂಥ ತಳವಿಲ್ಲ.

ಮಾರ್ಜಿನ್ ನಿಯಮ ಬದಲಾಯಿಸುವ ಅಧಿಕಾರ ಎಕ್ಸ್‌ಚೇಂಜಿಗಿದೆ ಎಂಬುದನ್ನೂ ಮರೆಯಬಾರದು. ಅಮೆರಿಕದ ಹಂಟ್ ಸಹೋದರರು ಬೆಳ್ಳಿಯನ್ನು ರಾಶಿಗಟ್ಟಲೆ ಕೊಳ್ಳುತ್ತಾ ಹೋಗಿ, 1980ರ ಜನವರಿಯಲ್ಲಿ ಬೆಲೆ ಔನ್ಸ್‌ಗೆ 50 ಡಾಲರ್ ಸಮೀಪಿಸಿತು. ಸಾಲದ ಬಲದ ಖರೀದಿಗೆ ಕಾಮೆಕ್ಸ್ ಕಡಿವಾಣ ಹಾಕಿತು. ಮಾರ್ಚ್ ಕೊನೆಯ ವಾರ ಬೆಳ್ಳಿ 11 ಡಾಲರ್‌ಗಿಂತ ಕೆಳಗಿಳಿದಿತ್ತು, ಮಾರ್ಜಿನ್ ತುಂಬಲು ಸಹೋದರರ ಕೈಯಲ್ಲಿ ಹಣವಿರಲಿಲ್ಲ.

ಹೆಜ್ಜೆ 5: ತಿಂಗಳುಗಳ ಸಾಲನ್ನು ಓದಿ

ಇಡೀ ವಿಷಯದ ಹೃದಯಭಾಗ ಇದು. ತೈಲಕ್ಕೆ ಒಂದು ಬೆಲೆ ಇಲ್ಲ. ಬರುವ ತಿಂಗಳಿಗೊಂದು, ಅದರಾಚೆಗೊಂದು, ಮುಂದಿನ ವರ್ಷಕ್ಕೊಂದು ಬೆಲೆ ಇದೆ. ಇವನ್ನು ಸಾಲಾಗಿ ಜೋಡಿಸಿ ನೋಡಿದರೆ ಮಾರುಕಟ್ಟೆ ಏನು ಹೇಳುತ್ತಿದೆ ಎಂಬುದು ಸುದ್ದಿವಾಹಿನಿಗಳಿಗಿಂತ ಸ್ಪಷ್ಟವಾಗಿ ಕಾಣುತ್ತದೆ.

ದೂರದ ತಿಂಗಳು ಹತ್ತಿರದ್ದಕ್ಕಿಂತ ದುಬಾರಿಯಾಗಿದ್ದರೆ ಅದು ಕಾಂಟ್ಯಾಂಗೊ. ಸರಕು ಸಾಕಷ್ಟಿದೆ, ಕೂಡಿಟ್ಟವನಿಗೆ ಬಾಡಿಗೆ, ಬಡ್ಡಿ, ವಿಮೆಯ ಖರ್ಚು ಸಿಗಬೇಕು ಎಂದು ಅರ್ಥ. ಹತ್ತಿರದ ತಿಂಗಳೇ ದುಬಾರಿಯಾಗಿದ್ದರೆ ಬ್ಯಾಕ್‌ವರ್ಡೇಶನ್. ಮುಂದಿನದು ಆಮೇಲೆ, ಈಗಲೇ ಸರಕು ಬೇಕು ಎಂದು ಬಳಕೆದಾರರು ಹೆಚ್ಚುಹಣ ಕೊಡುತ್ತಿದ್ದಾರೆ. ದಾಸ್ತಾನು ತಳ ಕಾಣುತ್ತಿದೆ.

ಒಪ್ಪಂದ ಮುಗಿಯುವ ಮುನ್ನ ಅದನ್ನು ಮಾರಿ ಮುಂದಿನ ತಿಂಗಳದ್ದನ್ನು ಕೊಳ್ಳುವುದಕ್ಕೆ ರೋಲ್‌ಓವರ್ ಎನ್ನುತ್ತಾರೆ. ಸ್ಪಾಟ್ ಬೆಲೆ ವರ್ಷಪೂರ್ತಿ 70ರಲ್ಲೇ ನಿಂತಿದೆ, ಮುಂದಿನ ತಿಂಗಳು ಯಾವಾಗಲೂ 71 ಇದೆ ಎಂದುಕೊಳ್ಳಿ. ನೀವು 71ಕ್ಕೆ ಕೊಂಡದ್ದು ತಿಂಗಳ ಕೊನೆಗೆ 70ಕ್ಕೆ ಜಾರುತ್ತದೆ. ಮತ್ತೆ 71ಕ್ಕೆ ಕೊಳ್ಳುತ್ತೀರಿ, ಮತ್ತೆ ಜಾರುತ್ತದೆ. ವರ್ಷಕ್ಕೆ 12 ಡಾಲರ್, ಹತ್ತಿರಹತ್ತಿರ ಶೇ. 17 ಹೋಯಿತು, ತೈಲದ ಬೆಲೆ ಅಲುಗಲೇ ಇಲ್ಲ! ಫ್ಯೂಚರ್ಸ್ ಹಿಡಿದಿಡುವ ಇಟಿಎಫ್ (ಷೇರಿನಂತೆ ಕೊಳ್ಳಬಹುದಾದ ನಿಧಿ) ಕೊಂಡು "ತೈಲ ಏರಿದರೂ ನನ್ನ ಯೂನಿಟ್ ಏಕೆ ಏರಲಿಲ್ಲ?" ಎಂದು ಕೇಳುವವರಿಗೆ ಉತ್ತರ ಸಾಮಾನ್ಯವಾಗಿ ಇಲ್ಲಿರುತ್ತದೆ. ದೊಡ್ಡವರೂ ಇಲ್ಲಿ ಎಡವಿದ್ದಾರೆ. ಜರ್ಮನಿಯ ಮೆಟಾಲ್‌ಗೆಸೆಲ್‌ಶಾಫ್ಟ್ ತೈಲ ಪೂರೈಕೆಯ ದೀರ್ಘಾವಧಿ ಒಪ್ಪಂದಗಳನ್ನು ಹತ್ತಿರದ ತಿಂಗಳುಗಳ ಫ್ಯೂಚರ್ಸ್‌ನಿಂದ ಹೆಡ್ಜ್ ಮಾಡಲು ಹೋಗಿ 1993ರಲ್ಲಿ ನೂರು ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ಬೆಲೆ ಇಳಿದು ಮಾರ್ಜಿನ್ ಕರೆ ಬರುತ್ತಿದ್ದಾಗಲೇ ರೋಲ್‌ಓವರ್ ಕೂಡ ನಷ್ಟದ ಬಾಬತ್ತಾಗಿತ್ತು.

2020ರ ಏಪ್ರಿಲ್ 20ರಂದು ಡಬ್ಲ್ಯುಟಿಐ ಮೇ ಒಪ್ಪಂದ ದಿನದ ಕೊನೆಗೆ ಮೈನಸ್ 37.63 ಡಾಲರ್‌ಗೆ ನಿಂತಿತು. ಕೊಂಡವನಿಗೇ ಹಣ ಕೊಟ್ಟು ಸಾಗಹಾಕುವ ಸ್ಥಿತಿ. "ತೈಲಕ್ಕೆ ಬೆಲೆಯೇ ಇಲ್ಲ" ಎಂದು ಪತ್ರಿಕೆಗಳು ಬರೆದವು, ಆದರೆ ಅದೇ ದಿನ ಜೂನ್ ಒಪ್ಪಂದ 20 ಡಾಲರ್‌ಗಿಂತ ಮೇಲಿತ್ತು, ಲಂಡನ್ನಿನ ಬ್ರೆಂಟ್ ಎಂಬ ಇನ್ನೊಂದು ಬಗೆಯ ತೈಲ 25ರ ಆಸುಪಾಸಿನಲ್ಲಿತ್ತು. ಪಾತಾಳ ಕಂಡದ್ದು ಒಂದೇ ಊರಿನ, ಒಂದೇ ತಿಂಗಳ ಒಪ್ಪಂದ. ಕೊರೊನಾದಿಂದ ಬಳಕೆ ಕುಸಿದು, ಕುಷಿಂಗ್‌ನ ಟ್ಯಾಂಕುಗಳು ತುಂಬಿದ್ದವು, ಖಾಲಿ ಉಳಿದ ಜಾಗವನ್ನೂ ಯಾರೋ ಬಾಡಿಗೆಗೆ ಹಿಡಿದಿದ್ದರು. ಮರುದಿನ ಒಪ್ಪಂದದ ಕೊನೆ. ಟ್ಯಾಂಕ್ ಇಲ್ಲದೆ ಒಪ್ಪಂದ ಹಿಡಿದುಕೊಂಡಿದ್ದವರು ಏನು ಮಾಡಬೇಕು? ಎಲ್ಲಿ, ಯಾವ ತಿಂಗಳು ಎಂಬ ಪ್ರಶ್ನೆಗಳನ್ನು ಮೊದಲಿಗೆ ಕೇಳಿದ್ದು ಇದಕ್ಕೇ.

ಹೆಜ್ಜೆ 6: ಬೆಲೆಯನ್ನು ಅಲುಗಿಸುವುದು ಯಾವುದು?

ದಾಸ್ತಾನು. ಉಳಿದದ್ದೆಲ್ಲ ದಾಸ್ತಾನನ್ನು ಬದಲಿಸುವ ಕಾರಣಗಳು ಎಂದರೆ ಅತಿಶಯೋಕ್ತಿಯೇನಲ್ಲ. ತೈಲಕ್ಕೆ ಅಮೆರಿಕದ ಇಂಧನ ಮಾಹಿತಿ ಸಂಸ್ಥೆ ಇಐಎ ಸಾಮಾನ್ಯವಾಗಿ ಬುಧವಾರ ಕೊಡುವ ವರದಿ, ಧಾನ್ಯಗಳಿಗೆ ಅಲ್ಲಿನ ಕೃಷಿ ಇಲಾಖೆಯ ಮಾಸಿಕ ಪೂರೈಕೆ-ಬೇಡಿಕೆ ಅಂದಾಜು, ಲೋಹಗಳಿಗೆ ಲಂಡನ್ ಎಕ್ಸ್‌ಚೇಂಜಿನ ಗೋದಾಮು ಲೆಕ್ಕ: ಈ ಮೂರನ್ನು ತಪ್ಪದೆ ನೋಡಿದರೆ ಬಹುಪಾಲು ಗದ್ದಲ ದಾಟಿದಂತೆ. ವರದಿ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ ಮಾರುಕಟ್ಟೆ ಎಣಿಸಿದ್ದಕ್ಕಿಂತ ಎಷ್ಟು ಬೇರೆ ಎಂಬುದೇ ಬೆಲೆ ಬದಲಿಸುತ್ತದೆ.

ಬೆಳೆಗಳಲ್ಲಿ ಭೂಗೋಳವನ್ನು ನೋಡಿ. ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಐವರಿ ಕೋಸ್ಟ್ ಮತ್ತು ಘಾನಾ ಎಂಬ ಅಕ್ಕಪಕ್ಕದ ಎರಡೇ ದೇಶಗಳದ್ದು. ಹವಾಮಾನ ಕೈಕೊಟ್ಟು, ಮುದಿ ಮರಗಳಿಗೆ ರೋಗ ತಗುಲಿದ್ದೇ ತಡ, 2024ರಲ್ಲಿ ನ್ಯೂಯಾರ್ಕ್ ಕೋಕೋ ಟನ್ನಿಗೆ 10,000 ಡಾಲರ್ ದಾಟಿತು. ಹೊಸ ಕೋಕೋ ಗಿಡ ನೆಟ್ಟರೆ ಫಲಕ್ಕೆ ವರ್ಷಗಳು ಬೇಕು. ಮೆಕ್ಕೆಜೋಳವಾದರೆ ಮುಂದಿನ ಹಂಗಾಮಿಗೇ ರೈತರು ಹೆಚ್ಚು ಬಿತ್ತಿ ಕೊರತೆ ತುಂಬುತ್ತಾರೆ. ಕೊರತೆ ಎಷ್ಟು ಬೇಗ ನೀಗಬಲ್ಲದು ಎಂಬುದರ ಮೇಲೆ ಬೆಲೆ ಎಷ್ಟು ಕಾಲ ಎತ್ತರದಲ್ಲಿ ನಿಲ್ಲುತ್ತದೆ ಎಂಬುದು ನಿಂತಿದೆ. ಡಾಲರ್ ಮೌಲ್ಯ, ಬಡ್ಡಿದರ, 1960ರಲ್ಲಿ ಬಾಗ್ದಾದ್‌ನಲ್ಲಿ ಹುಟ್ಟಿದ, ತೈಲ ರಫ್ತು ದೇಶಗಳ ಕೂಟ ಒಪೆಕ್‌ನ ತೀರ್ಮಾನಗಳು ಎಲ್ಲವೂ ಪಟ್ಟಿಯಲ್ಲಿವೆ. ಅವುಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇರುವುದರಿಂದ ಇಲ್ಲಿ ಬಿಡುತ್ತೇನೆ.

ಹೆಜ್ಜೆ 7: ಗಾತ್ರ ಮೊದಲು, ಆರ್ಡರ್ ಆಮೇಲೆ

ಖಾತೆಯಲ್ಲಿ 50,000 ಡಾಲರ್ ಇದೆ, ಒಂದು ವಹಿವಾಟಿನಲ್ಲಿ ಶೇ. 1ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು ಎಂದು ನಿರ್ಧರಿಸಿದ್ದೀರಿ. ಅಂದರೆ ಮಿತಿ 500 ಡಾಲರ್. ಮೆಕ್ಕೆಜೋಳ ಒಂದು ಸೆಂಟ್ ಅಲುಗಿದರೆ 50 ಡಾಲರ್. ನಿಮ್ಮ ಊಹೆ ತಪ್ಪೆಂದು ತಿಳಿಯಲು 10 ಸೆಂಟ್ ಅಂತರ ಬೇಕಿದ್ದರೆ ಒಂದೇ ಒಪ್ಪಂದ, ಅಷ್ಟೆ. ತೈಲಕ್ಕೆ 2 ಡಾಲರ್ ಅಂತರ ಬೇಕಾದರೆ ದೊಡ್ಡ ಒಪ್ಪಂದದಲ್ಲಿ 2,000 ಡಾಲರ್ ಅಪಾಯಕ್ಕೆ ಬೀಳುತ್ತದೆ, ನಿಮ್ಮ ಮಿತಿಯ ನಾಲ್ಕು ಪಟ್ಟು. 100 ಬ್ಯಾರೆಲ್‌ನ ಮೈಕ್ರೋ ಒಪ್ಪಂದವಾದರೆ ಎರಡು ಕೊಳ್ಳಬಹುದು. ಬ್ರೋಕರ್ ಎಷ್ಟು ಮಾರ್ಜಿನ್‌ಗೆ ಎಷ್ಟು ಲಾಟ್ ಕೊಡುತ್ತಾನೆ ಎಂಬುದಕ್ಕೂ ನೀವು ಎಷ್ಟು ಕೊಳ್ಳಬೇಕು ಎಂಬುದಕ್ಕೂ ಸಂಬಂಧವೇ ಇಲ್ಲ.

ಆರ್ಡರ್ ಹಾಕುವಾಗ ಮಾರ್ಕೆಟ್ ಆರ್ಡರ್ ಎಂದರೆ ಸಿಕ್ಕ ಬೆಲೆಗೆ, ಲಿಮಿಟ್ ಎಂದರೆ ನೀವು ಹೇಳಿದ ಬೆಲೆಗೆ ಅಥವಾ ಅದಕ್ಕಿಂತ ಲಾಭದ ಬೆಲೆಗೆ. ವಹಿವಾಟು ಕಡಿಮೆ ಇರುವ ದೂರದ ತಿಂಗಳುಗಳಲ್ಲಿ ಮಾರ್ಕೆಟ್ ಆರ್ಡರ್ ಹಾಕಲೇಬೇಡಿ. ನಷ್ಟ ಇಂಥ ಬೆಲೆ ಮುಟ್ಟಿದರೆ ಹೊರಬರುವ ಆರ್ಡರ್, ಅಂದರೆ ಸ್ಟಾಪ್‌ಲಾಸ್ ಹಾಕಿ, ಆದರೆ ಅದನ್ನು ಖಾತರಿ ಎಂದು ನಂಬಬೇಡಿ. ಧಾನ್ಯಗಳಿಗೆ ದಿನದ ಏರಿಳಿತದ ಮಿತಿ ಇದೆ. ಬೆಲೆ ಇಳಿದು ಆ ಮಿತಿಗೆ ಹೋಗಿ ಅಂಟಿಕೊಂಡರೆ ಕೊಳ್ಳುವವರೇ ಇರುವುದಿಲ್ಲ, ನಿಮ್ಮ ಸ್ಟಾಪ್ ಕಾಯುತ್ತಾ ಕೂರುತ್ತದೆ. 2022ರ ಮಾರ್ಚ್ 8ರಂದು ಲಂಡನ್ನಿನಲ್ಲಿ ನಿಕ್ಕಲ್ ಟನ್ನಿಗೆ 1,00,000 ಡಾಲರ್ ದಾಟಿದಾಗ ಎಕ್ಸ್‌ಚೇಂಜ್ ವಹಿವಾಟು ನಿಲ್ಲಿಸಿದ್ದಲ್ಲದೆ ಆ ದಿನ ನಡೆದಿದ್ದ ವ್ಯವಹಾರಗಳನ್ನೇ ರದ್ದು ಮಾಡಿತು. ಗೆದ್ದವರ ಲಾಭ ಕಾಗದದಲ್ಲೇ ಉಳಿಯಿತು.

ನಷ್ಟಕ್ಕೆ ತಳ ಬೇಕೆನ್ನುವವರಿಗೆ ಆಪ್ಷನ್, ಅಂದರೆ ಗೊತ್ತಾದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕನ್ನು ಪ್ರೀಮಿಯಂ ಎಂಬ ಶುಲ್ಕ ಕೊಟ್ಟು ಕೊಳ್ಳುವ ದಾರಿ ಇದೆ. ಕೊಟ್ಟ ಪ್ರೀಮಿಯಂಗಿಂತ ಹೆಚ್ಚು ಹೋಗುವುದಿಲ್ಲ, ಆದರೆ ದಿನ ಕಳೆದಂತೆ ಪ್ರೀಮಿಯಂ ಸವೆಯುತ್ತದೆ. ಆಪ್ಷನ್ ಮಾರುವುದು ಬೇರೆಯೇ ಆಟ, ಹೊಸಬರಿಗೆ ಬೇಡ. ಗಣಿ, ತೈಲ ಕಂಪನಿಗಳ ಷೇರು ಕೊಂಡರೆ ಸರಕಿನ ಬೆಲೆಯ ಜೊತೆಗೆ ಆಡಳಿತದ ಜಾಣತನ, ದಡ್ಡತನ ಎರಡನ್ನೂ ಕೊಂಡಂತೆ.

ಯಾವುದರಿಂದ ಶುರು ಮಾಡುವುದು?

ಒಂದೇ ಸರಕು ಹಿಡಿಯಿರಿ. ನನ್ನ ಆಯ್ಕೆ ಷಿಕಾಗೋದ ಮೆಕ್ಕೆಜೋಳ. ಬಿತ್ತನೆಗೂ ಕೊಯ್ಲಿಗೂ ಕಾಲ ಗೊತ್ತಿದೆ, ಸರ್ಕಾರಿ ಅಂಕಿಅಂಶ ಧಾರಾಳ. ಜುಲೈ ಒಪ್ಪಂದ ಹಳೆ ಬೆಳೆಯದ್ದು, ಡಿಸೆಂಬರ್ ಹೊಸ ಬೆಳೆಯದ್ದು. ಎರಡರ ಅಂತರವನ್ನು ದಿನವೂ ಬರೆದಿಟ್ಟರೆ ಒಂದು ಹಂಗಾಮು ಮುಗಿಯುವಷ್ಟರಲ್ಲಿ ದಾಸ್ತಾನಿಗೂ ಬೆಲೆಗೂ ಇರುವ ನಂಟು ಕಣ್ಣಿಗೆ ಕಟ್ಟುತ್ತದೆ. ಅಷ್ಟು ತಾಳ್ಮೆ ಇಲ್ಲದವರಿಗೆ 10 ಔನ್ಸಿನ ಮೈಕ್ರೋ ಚಿನ್ನವಿದೆ. ಅದರಲ್ಲಿ ಬಡ್ಡಿದರ, ಡಾಲರ್ ಬಗ್ಗೆ ಕಲಿಯಬಹುದು, ಕೊಯ್ಲಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ನೈಸರ್ಗಿಕ ಅನಿಲದಿಂದ ಮಾತ್ರ ಶುರು ಮಾಡಬೇಡಿ. ಚಳಿಯ ಮುನ್ಸೂಚನೆ ಬದಲಾದರೆ ಸಾಕು ಬೆಲೆ ಹುಚ್ಚೆದ್ದು ಕುಣಿಯುತ್ತದೆ. 2006ರಲ್ಲಿ ಅಮರಾಂತ್ ಎಂಬ ಖಾಸಗಿ ಹೂಡಿಕೆ ನಿಧಿ (ಹೆಡ್ಜ್ ಫಂಡ್) ಅನಿಲದ ತಿಂಗಳು-ತಿಂಗಳ ನಡುವಿನ ಅಂತರದ ಮೇಲೆ ಪಣ ಕಟ್ಟಿ 600 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡು ಮುಚ್ಚಿಹೋಯಿತು. ವಿವರಪಟ್ಟಿ ಓದಲು ಗೊತ್ತಿದ್ದವರೇ ಅಲ್ಲಿದ್ದರು, ಗಾತ್ರದ ಲೆಕ್ಕ ಮಾತ್ರ ತಪ್ಪಿತ್ತು.